ಹೈಡ್ರೋಪೋನಿಕ್ಸ್‌: ಬೇರು ಕೊಳೆಯುವ ಮುನ್ನವೇ ಕ್ಲೋರಿನ್

ಮಣ್ಣಿಲ್ಲದೆ ನೀರಿನಲ್ಲೇ ಲೆಟ್ಯೂಸ್, ಪಾಲಕ್ ಬೆಳೆಯುವವರನ್ನು ಬೇಸಿಗೆಯಲ್ಲಿ ಹೆಚ್ಚು ಕಾಡುವುದು ಬೇರು ಕೊಳೆ ರೋಗ. ಮಧ್ಯಾಹ್ನ ಎಲೆ ಬಾಡುತ್ತದೆ, ಸಂಜೆಗೆ ಚೇತರಿಸಿಕೊಂಡಂತೆ ಕಾಣುತ್ತದೆ. ಅಂಥ ಗಿಡವನ್ನು ಎತ್ತಿ ಬೇರನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ. ಕಂದು ಬಣ್ಣದ ಹೊರಪದರ ಲೋಳೆಯಾಗಿ ಜಾರಿ ಬಂದು ಒಳಗಿನ ನೂಲಿನಂಥ ಎಳೆ ಮಾತ್ರ ಉಳಿದರೆ ಅದು ಬಹುತೇಕ ಪಿಥಿಯಂ ಎಂಬ ರೋಗಾಣುವಿನ ಕೆಲಸ. ಶುಂಠಿಯ ಗಡ್ಡೆ ಕೊಳೆಸುವುದೂ ಇದೇ ಕುಲ. ಅಡಿಕೆಯ ಕೊಳೆರೋಗ ತರುವ ಫೈಟಾಫ್ತೊರಾ ಇದರ ಹತ್ತಿರದ ಬಂಧು. ಎರಡರ ಬೀಜಕಗಳೂ ನೀರಿನಲ್ಲಿ ಈಜಬಲ್ಲವು. ಹೀಗಾಗಿ ಒಂದೇ ಟ್ಯಾಂಕಿನ ನೀರು ಎಲ್ಲ ಗಿಡಗಳಿಗೂ ಸುತ್ತುವ ವ್ಯವಸ್ಥೆಯಲ್ಲಿ ಒಂದು ಗಿಡದ ರೋಗ ಕೆಲವೇ ದಿನಗಳಲ್ಲಿ ಇಡೀ ಸಾಲಿಗೆ ಹರಡುತ್ತದೆ.

ಇದಕ್ಕೆ ಕ್ಲೋರಿನ್ ಅಗ್ಗದ, ಎಲ್ಲೆಡೆ ಸಿಗುವ ಅಸ್ತ್ರ. ಆದರೆ ಹೆಚ್ಚಿನವರು ಅದನ್ನು ಬಳಸುವ ಹೊತ್ತು ತಪ್ಪು. ಬೇರು ಕಂದಾದ ಮೇಲೆ ಪೋಷಕ ದ್ರಾವಣಕ್ಕೆ ಸುರಿಯುತ್ತಾರೆ. ಬೇರಿನೊಳಗೆ ಹೊಕ್ಕ ಪಿಥಿಯಂಗೆ ಕ್ಲೋರಿನ್ ತಲುಪುವುದಿಲ್ಲ. ಅಷ್ಟರಲ್ಲಿ ಕೊಳೆತ ಬೇರಿನ ಚೂರು, ಪಾಚಿ, ಲೋಳೆಯೇ ಅದನ್ನು ತಿಂದು ಮುಗಿಸಿರುತ್ತವೆ. ಅಡಿಕೆ ಬೆಳೆಗಾರರು ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಸಿಂಪಡಿಸುತ್ತಾರಲ್ಲ, ಕ್ಲೋರಿನ್ನಿನ ಲೆಕ್ಕವೂ ಅದೇ. ಅದು ಸಲ್ಲಬೇಕಾದ ಜಾಗ ಎರಡು: ಗೊಬ್ಬರ ಬೆರೆಸುವ ಮುಂಚಿನ ನೀರು ಮತ್ತು ಬೆಳೆ ತೆಗೆದ ಮೇಲಿನ ಖಾಲಿ ಪೈಪು.

ಮೊದಲು ನೀರಿನ ವಿಚಾರ. ಪ್ರತ್ಯೇಕ ಡ್ರಮ್ಮಿನಲ್ಲಿ ನೀರು ತುಂಬಿಸಿ ಪಿಎಚ್ ನೋಡಿ. ಕ್ಲೋರಿನ್ ನೀರಿಗೆ ಬಿದ್ದಾಗ ರೋಗಾಣುವನ್ನು ಕೊಲ್ಲುವುದು ಹೈಪೊಕ್ಲೋರಸ್ ಆಮ್ಲ ಎಂಬ ರೂಪ. ಪಿಎಚ್ 6.5ರಲ್ಲಿ ಸುಮಾರು ಶೇ 90ರಷ್ಟು ಕ್ಲೋರಿನ್ ಈ ರೂಪದಲ್ಲಿರುತ್ತದೆ, ಪಿಎಚ್ 8ಕ್ಕೆ ಏರಿದರೆ ಶೇ 25ರ ಆಸುಪಾಸಿಗೆ ಇಳಿಯುತ್ತದೆ. ಪಿಎಚ್ ಅಷ್ಟಿರುವ ಗಡಸು ಬೋರ್‌ವೆಲ್ ನೀರಿಗೆ ಹಾಗೇ ಕ್ಲೋರಿನ್ ಹಾಕಿದರೆ ಮುಕ್ಕಾಲು ಪಾಲು ವ್ಯರ್ಥವಾದಂತೆ. ಆದ್ದರಿಂದ ಮೊದಲು ಆಮ್ಲ ಹಾಕಿ ಚೆನ್ನಾಗಿ ಕಲಕಿ ಪಿಎಚ್ಚನ್ನು 6ರಿಂದ 6.5ಕ್ಕೆ ತನ್ನಿ, ಆಮೇಲಷ್ಟೇ ಕ್ಲೋರಿನ್. ಗಟ್ಟಿ ಆಮ್ಲವನ್ನೂ ಗಟ್ಟಿ ಹೈಪೊಕ್ಲೋರೈಟನ್ನೂ ಯಾವ ಕಾರಣಕ್ಕೂ ಒಂದೇ ಮಗ್ಗಿನಲ್ಲಿ ಸೇರಿಸಬೇಡಿ. ಹೊರಬರುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನೇ ಸುಡುತ್ತದೆ.

ಪ್ರಮಾಣ 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ. ಶೇ 5ರ ಸೋಡಿಯಂ ಹೈಪೊಕ್ಲೋರೈಟ್ ಆದರೆ 1000 ಲೀಟರಿಗೆ 40 ಮಿಲಿ, ಶೇ 12ರದ್ದಾದರೆ ಸುಮಾರು 17 ಮಿಲಿ. ಸುವಾಸನೆ, ನೊರೆ ಬೆರೆಸಿದ ನೆಲ ಒರೆಸುವ ದ್ರಾವಣ ಇದಕ್ಕೆ ಬೇಡ. ಬಿಸಿಲಲ್ಲಿಟ್ಟ ಕ್ಯಾನಿನಲ್ಲಿ ಹೈಪೊಕ್ಲೋರೈಟಿನ ಸತ್ವ ಬೇಗ ಇಳಿಯುತ್ತದೆ, ಹಾಗಾಗಿ ಲೇಬಲ್ಲಿನ ಅಂಕಿಯನ್ನು ನಂಬಿ ಕೂರದೆ ಕ್ಲೋರಿನ್ ಅಳೆಯುವ ಡಿಪಿಡಿ ಕಿಟ್‌ನಲ್ಲಿ ನೀರನ್ನು ಪರೀಕ್ಷಿಸಿ. ನೀರು ಗುಲಾಬಿಗೆ ತಿರುಗಿದಷ್ಟೂ ಕ್ಲೋರಿನ್ ಹೆಚ್ಚು. ಅರ್ಧ ಗಂಟೆಯ ನಂತರವೂ 1 ಪಿಪಿಎಂಗಿಂತ ಹೆಚ್ಚು ಉಳಿದಿದ್ದರೆ ಕೆಲಸ ನಡೆದಿದೆ ಎನ್ನಬಹುದು. ಪೂರ್ತಿ ಮಾಯವಾಗಿದ್ದರೆ ನೀರಿನಲ್ಲಿ ಕಬ್ಬಿಣವೋ ಕೊಳೆಯೋ ಇದೆ. ಸೋಸಿ ಇನ್ನೊಮ್ಮೆ ಹಾಕಬೇಕು. ಬಳಿಕ ಡ್ರಮ್ಮಿನ ಮುಚ್ಚಳ ತೆಗೆದು ಏರ್ ಪಂಪ್ ಹಚ್ಚಿ ಒಂದು ದಿನ ಬಿಡಿ. ಬಣ್ಣ ಬಾರದಷ್ಟು ಇಳಿದ ಮೇಲೆ ಗೊಬ್ಬರ ಬೆರೆಸಿ.

ಗೊಬ್ಬರ ಬೆರೆತ ದ್ರಾವಣಕ್ಕೇ ದಿನವೂ ಅರ್ಧ ಪಿಪಿಎಂ ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ನಿತ್ಯ ಅಳೆಯುವ ಉಪಕರಣವಿರುವ ದೊಡ್ಡ ಘಟಕಗಳಿಗೆ ಅದು ಸಾಧ್ಯ. ಮನೆಮಟ್ಟದಲ್ಲಿ ನಾನು ಒಪ್ಪುವುದಿಲ್ಲ. 19:19:19ರಂಥ ಗೊಬ್ಬರದಲ್ಲಿ ಅಮೋನಿಯಂ ಇದೆ, ಕ್ಯಾಲ್ಸಿಯಂ ನೈಟ್ರೇಟಿನಲ್ಲೂ ಸ್ವಲ್ಪ ಇರುತ್ತದೆ. ಕ್ಲೋರಿನ್ ಅದರೊಡನೆ ಸೇರಿ ಕ್ಲೋರಮೈನ್ ಆಗುತ್ತದೆ. ಲೆಟ್ಯೂಸಿನ ಎಳೆಬೇರಿಗೆ ಅದು ವಿಷ. ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲಿ ಹಿಡಿದಿಡುವ ಕೀಲೇಟನ್ನೂ ಕ್ಲೋರಿನ್ ಮುರಿಯುತ್ತದೆ, ಹೊಸ ಚಿಗುರು ಹಳದಿಯಾಗುತ್ತದೆ. ರೋಗ ತಡೆಯಲು ಹೋಗಿ ಕೊರತೆಯನ್ನು ತಂದುಕೊಂಡಂತಾಯಿತು.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದೇ ಇರುತ್ತದಲ್ಲ ಎಂಬುದು ಇನ್ನೊಂದು ಮಾತು. ಕುಡಿಯುವ ನೀರಿನ ಮಾನದಂಡ ಕೇಳುವುದು ಕನಿಷ್ಠ 0.2 ಪಿಪಿಎಂ. ಸಂಪು, ಓವರ್‌ಹೆಡ್ ಟ್ಯಾಂಕ್ ದಾಟಿ ಬರುವಷ್ಟರಲ್ಲಿ ಅದೂ ಉಳಿಯುವ ಭರವಸೆಯಿಲ್ಲ. ಟ್ರೈಕೋಡರ್ಮಾ, ಬ್ಯಾಸಿಲಸ್‌ನಂಥ ಮಿತ್ರಜೀವಿಗಳನ್ನು ಕ್ಲೋರಿನ್ ಕೊಲ್ಲುತ್ತದೆ ಎಂಬ ಆಕ್ಷೇಪದಲ್ಲಿ ಮಾತ್ರ ಹುರುಳಿದೆ. ಗೊಬ್ಬರಕ್ಕೆ ಮುಂಚೆಯೇ ಶುದ್ಧಿ ಮುಗಿಸಬೇಕು ಎನ್ನಲು ಅದೂ ಒಂದು ಕಾರಣ: ಕ್ಲೋರಿನ್ ಆರಿದ ನೀರಿಗೆ ಮಿತ್ರಜೀವಿಗಳನ್ನು ನಿಶ್ಚಿಂತೆಯಿಂದ ಸೇರಿಸಬಹುದು.

ಇನ್ನು ಖಾಲಿ ಪೈಪು. ಬೆಳೆ ತೆಗೆದ ಮೇಲೆ ದ್ರಾವಣ ಚೆಲ್ಲಿ, ಒಳಗಿನ ಲೋಳೆಯನ್ನು ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಈ ಕೆಲಸಕ್ಕೆ ಸೋಮಾರಿತನ ಸಲ್ಲದು, ಏಕೆಂದರೆ ಲೋಳೆಯ ಅಡಿಯಲ್ಲಿ ಕೂತ ರೋಗಾಣುವಿಗೆ ಕ್ಲೋರಿನ್ ತಾಗುವುದೇ ಇಲ್ಲ. ದಪ್ಪ ಗೋಡೆಯ ಬೀಜಕಗಳು ಉಳಿಯುವುದೂ ಅಲ್ಲೇ. ಅವಕ್ಕೆ 2 ಪಿಪಿಎಂ ಸಾಲದು. ಶೇ 5ರ ಹೈಪೊಕ್ಲೋರೈಟನ್ನು ಲೀಟರಿಗೆ 4 ಮಿಲಿ ಹಾಕಿದರೆ 200 ಪಿಪಿಎಂ ಆಗುತ್ತದೆ. ಆ ನೀರನ್ನು ಅರ್ಧ ಗಂಟೆ ಪೈಪು, ಪಂಪು, ಟ್ಯಾಂಕಿನಲ್ಲಿ ಸುತ್ತಿಸಿ, ಗಿಡ ಕೂರಿಸುವ ನೆಟ್‌ಪಾಟುಗಳನ್ನೂ ಅದರಲ್ಲೇ ಮುಳುಗಿಸಿ, ನಂತರ ಎರಡು ಮೂರು ಬಾರಿ ತೊಳೆದು ಬಿಸಿಲಿಗೆ ಒಣಗಿಸಿ. ಹಳೆಯ ಸ್ಪಂಜು, ತೆಂಗಿನ ನಾರಿನ ಪುಡಿಯನ್ನು ಮರುಬಳಸಬೇಡಿ. ಕೈಗವಸು, ಕನ್ನಡಕ ಕಡ್ಡಾಯ.

ಇಷ್ಟೆಲ್ಲ ಮಾಡಿ ಟ್ಯಾಂಕನ್ನು ಬಿಸಿಲಿಗೆ ಬಿಟ್ಟರೆ ಉಪಯೋಗವಿಲ್ಲ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಬೇರು ಉಸಿರುಕಟ್ಟಿದಾಗಲೇ ಪಿಥಿಯಂಗೆ ದಾರಿ ಸಲೀಸು. ನೆರಳು ಮತ್ತು ಏರ್ ಪಂಪ್ ಮೊದಲು, ಕ್ಲೋರಿನ್ ಬಾಟಲಿ ಆಮೇಲೆ. ಈಗಾಗಲೇ ಬೇರು ಜಾರುತ್ತಿರುವ ಗಿಡಗಳಿದ್ದರೆ ಅವನ್ನು ಉಳಿಸುವ ಪ್ರಯತ್ನ ಬಿಡಿ. ಇಂದೇ ಕಿತ್ತು, ದ್ರಾವಣ ಚೆಲ್ಲಿ, ಪೈಪು ತೊಳೆಯಲು ತೊಡಗಿ.