ನಿಸ್ತಂತು ಜಾಲದ ದೋಷವೂ ದಾಸ್ತಾನು ಪುಸ್ತಕವೂ
ಸಣ್ಣ ಉದ್ದಿಮೆಗಳಲ್ಲಿ ವೈ-ಫೈ ವ್ಯವಸ್ಥೆಯ ವಿನ್ಯಾಸ ಹಾಗೂ ದೋಷ ಪರಿಶೋಧನೆ: ಒಂದು ಪಾಠ

(ಲೇಖಕರು ಕೆಂಗೇರಿ ಉಪನಗರದಲ್ಲಿ ವೃತ್ತಿನಿರತ ಸನ್ನದು ಲೆಕ್ಕಪರಿಶೋಧಕರು)



ಲೆಕ್ಕಪರಿಶೋಧಕನೊಬ್ಬನು ವೈ-ಫೈ ಕುರಿತು ಬರೆಯುವುದು ತಮಗೆ ವಿಚಿತ್ರವಾಗಿ ತೋರಬಹುದು. ವಾಣಿಜ್ಯ ಪದವೀಧರನಾದ ನನಗೆ ವಿದ್ಯುನ್ಮಾನ ಶಾಸ್ತ್ರದ ವಿಧಿವತ್ತಾದ ಶಿಕ್ಷಣವಿಲ್ಲ. ಆದರೆ 2018ರ ಏಪ್ರಿಲ್ 1ರಂದು ಇ-ವೇ ಬಿಲ್ ಪದ್ಧತಿಯು ಅಂತರರಾಜ್ಯ ಸಾಗಣೆಗೆ ಜಾರಿಗೆ ಬಂದಿತು. ನಮ್ಮ ಕರ್ನಾಟಕದಲ್ಲಿ ರಾಜ್ಯದೊಳಗಿನ ಸಾಗಣೆಗೂ ಅದೇ ದಿನದಿಂದ ಅನ್ವಯವಾಯಿತು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು ನೋಂದಾಯಿತ ವರ್ತಕರಿಗೆ ಮಾಡುವ ಮಾರಾಟಕ್ಕೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಅಂದಿನಿಂದ ಅಂತರಜಾಲವಿಲ್ಲದೆ ಸರಕು ಬಾಗಿಲು ದಾಟುವಂತಿಲ್ಲ. ಹೀಗಾಗಿ ಜಾಲದ ದೋಷವು ಈಗ ಲೆಕ್ಕಪತ್ರದ ದೋಷವೂ ಆಗಿದೆ. ಕಕ್ಷಿದಾರರ ಘಟಕಗಳಲ್ಲಿ ನಾನು ಕಂಡು ಕಲಿತದ್ದನ್ನು ಇಲ್ಲಿ ಪಾಠರೂಪದಲ್ಲಿ ನಿವೇದಿಸುತ್ತಿದ್ದೇನೆ.

1. ಒಂದು ಪ್ರಸಂಗ

ಕೆಂಗೇರಿ ಉಪನಗರದಿಂದ ಮೈಸೂರು ರಸ್ತೆಯಲ್ಲಿ ಕುಂಬಳಗೋಡಿನತ್ತ ಸಾಗುವ ಹಾದಿಯಲ್ಲಿ ತಗಡಿನ ಡಬ್ಬಿಗಳನ್ನು ತಯಾರಿಸುವ ಘಟಕವೊಂದಿದೆ. ಅದರ ಹೆಸರು ಇಲ್ಲಿ ಅನಗತ್ಯ. ರೌಟರ್ ಇದ್ದದ್ದು ಮುಂಭಾಗದಲ್ಲಿರುವ ಮಾಲೀಕರ ಕೊಠಡಿಯಲ್ಲಿ. ರವಾನೆ ಗುಮಾಸ್ತರ ಮೇಜು ಗೋದಾಮಿನ ಇನ್ನೊಂದು ತುದಿಯಲ್ಲಿ, ಲಾರಿ ನಿಲ್ಲುವ ಬಾಗಿಲ ಬಳಿ. ಅಲ್ಲಿನ ಗಣಕಯಂತ್ರವು ವೈ-ಫೈ ಮೂಲಕವೇ ಬಿಲ್ಲು ತೆಗೆಯಬೇಕಿತ್ತು.

ಕೆಲವು ದಿನ ಎಲ್ಲವೂ ಸರಾಗ. ಕೆಲವು ದಿನ ತಾಸುಗಟ್ಟಲೆ ಬಿಲ್ಲಿಲ್ಲ. ತುಂಬಿದ ಲಾರಿಯನ್ನು ಇ-ವೇ ಬಿಲ್ ಇಲ್ಲದೆ ಬಿಡಲು ಗುಮಾಸ್ತರು ಒಪ್ಪಲಿಲ್ಲ. ಅವರ ನಿಲುವು ಸರಿಯಾದುದೇ. ದಾರಿಯಲ್ಲಿ ತಡೆದರೆ, ಮಾಲೀಕರೇ ಮುಂದೆ ಬಂದು ಸರಕು ಬಿಡಿಸಿಕೊಂಡರೂ ತೆರಿಗೆಯ ಎರಡರಷ್ಟು ದಂಡ ತೆರಬೇಕಾಗುತ್ತದೆ. ಆದರೂ ವಿಳಂಬದ ಆರೋಪ ಅವರ ತಲೆಗೇ ಬಂದಿತು.

ಮಾಲೀಕರು ಮೊದಲು ಅಂತರಜಾಲ ಸೇವೆಯ ವೇಗವನ್ನು ಹೆಚ್ಚಿಸಿಕೊಂಡರು. ಪ್ರಯೋಜನವಾಗಲಿಲ್ಲ. ಬಳಿಕ ಒಂದಾದ ಮೇಲೊಂದರಂತೆ ಎರಡು ರಿಪೀಟರ್‌ಗಳನ್ನು ಕೊಂಡರು. ಆಗಲೂ ಆಗಲಿಲ್ಲ. ನಾನು ತ್ರೈಮಾಸಿಕ ಪರಿಶೀಲನೆಗೆ ಹೋದಾಗ, "ಆಡಿಟರೇ, ಹುಡುಗನಿಗೆ ಕೆಲಸದ ಮೇಲೆ ನಿಗಾ ಇಲ್ಲ. ಬರುವ ತಿಂಗಳು ಬೇರೆಯವರನ್ನು ನೋಡಬೇಕು ಎಂದುಕೊಂಡಿದ್ದೇನೆ" ಎಂದರು. ಹೊರಡುವಾಗ ಆ ಗುಮಾಸ್ತರು ಒಂದು ಉದ್ದನೆಯ ನೋಟ್‌ಪುಸ್ತಕ ತಂದು, "ಸರ್, ನೆಟ್ ಬರದ ದಿನಗಳನ್ನೆಲ್ಲ ಬರೆದಿಟ್ಟಿದ್ದೇನೆ. ಒಮ್ಮೆ ನೋಡಿ" ಎಂದರು.

ಎರಡು ದಾಖಲೆಗಳನ್ನು ತಾಳೆ ನೋಡುವುದು ನಮ್ಮ ವೃತ್ತಿಯ ಮೂಲ ಅಭ್ಯಾಸ. ನೋಟ್‌ಪುಸ್ತಕದಲ್ಲಿ ಹನ್ನೊಂದು ದಿನಾಂಕಗಳಿದ್ದವು. ಅವನ್ನು ದಾಸ್ತಾನು ಪುಸ್ತಕದ ಪಕ್ಕದಲ್ಲಿಟ್ಟು ನೋಡಿದೆ. ಎರಡು ದಿನ ವಿದ್ಯುತ್ ನಿಲುಗಡೆಯಾಗಿತ್ತು. ಉಳಿದ ಒಂಬತ್ತೂ ದಿನ ಅಂತಿಮ ದಾಸ್ತಾನು ಅತ್ಯಧಿಕವಾಗಿದ್ದ ದಿನಗಳೇ! ತಿಂಗಳ ಕೊನೆಯ ರವಾನೆಗೆ ಮುನ್ನ ತಗಡಿನ ಡಬ್ಬಿಗಳನ್ನು ಚಾವಣಿಯವರೆಗೆ ಪೇರಿಸಲಾಗುತ್ತಿತ್ತು. ರೌಟರಿಗೂ ಮೇಜಿಗೂ ನಡುವೆ ಪ್ರತಿ ತಿಂಗಳೂ ಒಂದು ಲೋಹದ ಗೋಡೆ ಎದ್ದು, ರವಾನೆಯಾದೊಡನೆ ಕರಗುತ್ತಿತ್ತು.

ಮೊಬೈಲಿನ ಉಚಿತ ತಂತ್ರಾಂಶವೊಂದರಿಂದ ರವಾನೆ ಮೇಜಿನ ಬಳಿ ಅಳೆದು ನೋಡಿದೆವು. ಗೋದಾಮು ಬರಿದಾಗಿದ್ದಾಗ -58 ಡಿಬಿಎಂ. ಸರಕು ತುಂಬಿದಾಗ -79 ಡಿಬಿಎಂ. ಜಾಲವನ್ನು ಅಳವಡಿಸಿದ ದಿನ ಗೋದಾಮು ಖಾಲಿಯಿತ್ತು. ಅಂದು ಪರೀಕ್ಷಿಸಿದವರು ಸರಿಯಿದೆ ಎಂದದ್ದೂ ಸುಳ್ಳಲ್ಲ.

2. ಅರಿಯಬೇಕಾದ ನಾಲ್ಕು ತತ್ತ್ವಗಳು

ಅ) ಅಳತೆ. ಡಿಬಿಎಂ ಎಂಬುದು ಸಾಮಾನ್ಯ ಸಂಖ್ಯೆಯಂತಲ್ಲ. 3 ಅಂಕ ಕುಸಿದರೆ ಶಕ್ತಿ ಅರ್ಧವಾಗುತ್ತದೆ. 10 ಕುಸಿದರೆ ಹತ್ತರಲ್ಲೊಂದು. 20 ಕುಸಿದರೆ ನೂರರಲ್ಲೊಂದು. ಮೇಲಿನ ಪ್ರಸಂಗದಲ್ಲಿ 21 ಅಂಕಗಳ ಕುಸಿತವಿತ್ತೆಂದರೆ, ಶಕ್ತಿಯಲ್ಲಿ ನೂರರಲ್ಲೊಂದು ಪಾಲೂ ಉಳಿದಿರಲಿಲ್ಲವೆಂದರ್ಥ. ವ್ಯವಹಾರದ ಕೆಲಸಕ್ಕೆ -67 ಅಥವಾ ಅದಕ್ಕಿಂತ ಉತ್ತಮ ಅಳತೆ ಇರುವಂತೆ ವಿನ್ಯಾಸಗೊಳಿಸುವುದು ರೂಢಿ. -60 ಎಂಬುದು -70ಕ್ಕಿಂತ ಉತ್ತಮವೆಂಬುದನ್ನು ಮರೆಯತಕ್ಕದ್ದಲ್ಲ.

ಆ) ಸರದಿ. ಒಂದು ಚಾನೆಲ್‌ನಲ್ಲಿ ಸಾಮಾನ್ಯವಾಗಿ ಒಂದು ಸಮಯಕ್ಕೆ ಒಂದೇ ಉಪಕರಣ ಮಾತನಾಡಬೇಕು, ಉಳಿದವು ಕಾಯಬೇಕು. ಬ್ಯಾಂಕಿನಲ್ಲಿ ಒಂದೇ ಕೌಂಟರ್ ತೆರೆದಿದ್ದಂತೆ. ದುರ್ಬಲ ಸಂಕೇತ ಪಡೆಯುವ ದೂರದ ಉಪಕರಣವು ನಿಧಾನವಾಗಿ ಮಾತನಾಡಿ ಕೌಂಟರನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಅದರಿಂದ ಹತ್ತಿರದವರಿಗೂ ನಷ್ಟ. ಗೆರೆಗಳು ಪೂರ್ಣವಿದ್ದರೂ ಕೆಲಸ ಸಾಗದಿರುವುದಕ್ಕೆ ಅನೇಕ ವೇಳೆ ಇದೇ ಕಾರಣ. ಒಂದೇ ರೇಡಿಯೋ ಬಳಸುವ ರಿಪೀಟರ್ ಪ್ರತಿ ಮಾತನ್ನೂ ಎರಡೆರಡು ಸಲ ಆಡುವುದರಿಂದ ವೇಗವನ್ನು ಸುಮಾರು ಅರ್ಧಕ್ಕಿಳಿಸುತ್ತದೆ. ನಮ್ಮ ಘಟಕದಲ್ಲಿ ಎರಡು ರಿಪೀಟರ್‌ಗಳು ಸೋತದ್ದು ಆಶ್ಚರ್ಯವಲ್ಲ.

ಇ) ಅಡೆತಡೆ. ಲೋಹವು ತರಂಗವನ್ನು ಹಿಂದಿರುಗಿಸುತ್ತದೆ, ನೀರು ಹೀರಿಕೊಳ್ಳುತ್ತದೆ, ಕಬ್ಬಿಣದ ಸರಳಿರುವ ಕಾಂಕ್ರೀಟ್ ಗೋಡೆ ಬಹಳಷ್ಟನ್ನು ತಡೆಯುತ್ತದೆ. ಆದ್ದರಿಂದ ಎಣ್ಣೆ, ಪಾನೀಯ, ತಗಡು, ಯಂತ್ರದ ಬಿಡಿಭಾಗ ಇವುಗಳ ವ್ಯಾಪಾರಿಗಳಿಗೆ ತಮ್ಮ ಸರಕೇ ಅಡ್ಡಗೋಡೆ. 2.4 ಗಿಗಾಹರ್ಟ್ಸ್ ತರಂಗವು ಗೋಡೆಗಳನ್ನು ದಾಟಿ ಹೆಚ್ಚು ದೂರ ಹೋಗುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ವೇಗವೂ ಚಾನೆಲ್‌ಗಳೂ ಹೆಚ್ಚು, ವ್ಯಾಪ್ತಿ ಕಡಿಮೆ.

ಈ) ನೆರೆಹೊರೆ. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಭಾರತ ಸರ್ಕಾರವು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿತು. 5 ಗಿಗಾಹರ್ಟ್ಸ್‌ನ ವಿಸ್ತಾರವಾದ ಭಾಗವು 2018ರಲ್ಲಿ ಹೊರಾಂಗಣಕ್ಕೂ ಮುಕ್ತವಾಯಿತು. ಪರವಾನಗಿ ಬೇಡವೆಂಬುದು ಲಾಭವೇ. ಆದರೆ ಇನ್ನೊಬ್ಬರ ತರಂಗದಿಂದ ರಕ್ಷಣೆ ಕೇಳುವ ಹಕ್ಕೂ ಅಲ್ಲಿಲ್ಲ. ಮೈಕ್ರೋವೇವ್ ಒಲೆಯೂ ಇದೇ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ. ಉಪನಗರದಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ, ಗೋಡೆಗೆ ಗೋಡೆ ಹತ್ತಿದ ಕಟ್ಟಡಗಳು. ನನ್ನ ಕಛೇರಿಯಲ್ಲಿ ಕುಳಿತರೆ ಇಪ್ಪತ್ತಕ್ಕೂ ಹೆಚ್ಚು ಜಾಲಗಳ ಹೆಸರು ಕಾಣುತ್ತವೆ. ಈ ಪಟ್ಟಿಯಲ್ಲಿ ಒಂದನ್ನೊಂದು ತುಳಿಯದ ಚಾನೆಲ್‌ಗಳು ಮೂರೇ: 1, 6 ಮತ್ತು 11. "ಯಾರೂ ಬಳಸುತ್ತಿಲ್ಲ" ಎಂದು 3ನ್ನು ಆರಿಸಿದರೆ 1 ಮತ್ತು 6 ಎರಡರಲ್ಲಿರುವವರಿಗೂ ತೊಂದರೆ, ತಮಗೂ ತೊಂದರೆ.

3. ದೋಷ ಪರಿಶೋಧನೆಯ ಕ್ರಮ

ಉಪಕರಣದಿಂದ ರೌಟರ್‌ವರೆಗೆ, ರೌಟರ್‌ನಿಂದ ಸೇವಾ ಸಂಸ್ಥೆಯವರೆಗೆ, ಅಲ್ಲಿಂದ ಸರ್ಕಾರದ ಜಾಲತಾಣದವರೆಗೆ: ಹೀಗೆ ಮೂರು ಕೊಂಡಿಗಳಿವೆ. ಯಾವ ಕೊಂಡಿ ಕಳಚಿದೆ ಎಂದು ತಿಳಿಯುವ ಮುನ್ನ ಒಂದು ರೂಪಾಯಿಯನ್ನೂ ವೆಚ್ಚ ಮಾಡಬಾರದು.

ಮೊದಲನೆಯದಾಗಿ, ತೊಂದರೆ ಎಲ್ಲರಿಗೋ ಒಬ್ಬರಿಗೋ, ಒಂದೇ ಜಾಗದಲ್ಲೋ ಎಲ್ಲೆಡೆಯೋ, ಯಾವ ಹೊತ್ತಿನಲ್ಲೋ ಬರೆದಿಡಿ. ಒಂದು ವಾರದ ಬರವಣಿಗೆಯು ದುಬಾರಿ ಉಪಕರಣಕ್ಕಿಂತ ಹೆಚ್ಚು ತಿಳಿಸುತ್ತದೆ.

ಎರಡನೆಯದಾಗಿ, ಒಂದು ಗಣಕಯಂತ್ರವನ್ನು ತಂತಿಯಿಂದ ನೇರವಾಗಿ ರೌಟರಿಗೆ ಜೋಡಿಸಿ ನೋಡಿ. ತಂತಿಯಲ್ಲೂ ನಿಧಾನವಾದರೆ ದೋಷ ವೈ-ಫೈಯಲ್ಲಿಲ್ಲ. ಸೇವಾ ಸಂಸ್ಥೆಯನ್ನು ಕರೆಯಿರಿ. ತಂತಿಯಲ್ಲಿ ಸರಿಯಿದ್ದರೆ ದೋಷ ತಮ್ಮ ಆವರಣದಲ್ಲೇ ಇದೆ. ಒಂದೇ ಸರ್ಕಾರಿ ಜಾಲತಾಣ ಮಾತ್ರ ತೆರೆಯದಿದ್ದರೆ ದೋಷ ಆಚೆ ತುದಿಯದು; 20ನೆಯ ತಾರೀಕು ಸಮೀಪಿಸಿದಾಗ ಇದು ಅಪರೂಪವಲ್ಲ.

ಮೂರನೆಯದಾಗಿ, ಪಿಂಗ್ ಎಂಬ ಆದೇಶವನ್ನು ಕಲಿಯಿರಿ. ವೈ-ಫೈಯಲ್ಲಿರುವ ಗಣಕಯಂತ್ರದಿಂದ ಮೊದಲು ರೌಟರಿಗೆ, ಅನಂತರ ಹೊರಗಿನ ಒಂದು ವಿಳಾಸಕ್ಕೆ ಕಳುಹಿಸಿ. ರೌಟರಿನಿಂದಲೇ ಉತ್ತರ ತಡವಾದರೆ ಅಥವಾ ತಪ್ಪಿಹೋದರೆ ಮೊದಲ ಕೊಂಡಿಯೇ ದುರ್ಬಲ.

ನಾಲ್ಕನೆಯದಾಗಿ, ಗಣಕಯಂತ್ರಕ್ಕೆ 169.254 ಎಂದು ಆರಂಭವಾಗುವ ವಿಳಾಸ ಬಂದಿದ್ದರೆ ರೌಟರಿನಿಂದ ಅದಕ್ಕೆ ವಿಳಾಸವೇ ದೊರೆತಿಲ್ಲವೆಂದರ್ಥ. ಹಂಚುವ ವಿಳಾಸಗಳು ಮುಗಿದಿರಬಹುದು. ಇನ್ನು ಯಾರೋ ಹಳೆಯ ರೌಟರೊಂದನ್ನು ತಂದು ಸಿಕ್ಕಿಸಿದ್ದರೆ, ಎರಡು ರೌಟರ್‌ಗಳೂ ವಿಳಾಸ ಹಂಚತೊಡಗಿ ಕೆಲವು ಉಪಕರಣಗಳು ತಪ್ಪು ವಿಳಾಸ ಪಡೆದು ಕೂರುತ್ತವೆ. ಒಂದೇ ಖಾತೆಗೆ ಇಬ್ಬರು ಗುಮಾಸ್ತರು ಬೇರೆ ಬೇರೆ ರಸೀದಿ ಪುಸ್ತಕ ಹಿಡಿದಂತೆ!

ಐದನೆಯದಾಗಿ, ಮಾಡುವ ಬದಲಾವಣೆ ಒಮ್ಮೆಗೆ ಒಂದೇ ಇರಲಿ. ಅದನ್ನೂ ದಿನಾಂಕ ಸಹಿತ ಬರೆಯಿರಿ. ಮೂರನ್ನು ಒಟ್ಟಿಗೆ ಬದಲಿಸಿದರೆ, ಯಾವುದರಿಂದ ಸರಿಹೋಯಿತೆಂಬುದು ಎಂದಿಗೂ ತಿಳಿಯದು.

4. ವಿನ್ಯಾಸದ ಸೂತ್ರಗಳು

ಕದಲದ ಉಪಕರಣಕ್ಕೆ ತಂತಿ, ಕದಲುವುದಕ್ಕೆ ವೈ-ಫೈ: ಇದೊಂದನ್ನು ಪಾಲಿಸಿದರೂ ಅರ್ಧ ಕಾರ್ಯ ಮುಗಿದಂತೆ. ಬಿಲ್ಲಿನ ಗಣಕಯಂತ್ರ, ಮುದ್ರಕ, ಕ್ಯಾಮೆರಾ ದಾಖಲೆಯ ಪೆಟ್ಟಿಗೆ ಇವೆಲ್ಲ ತಂತಿಯ ಮೇಲಿರಲಿ. ಸಾಮಾನ್ಯ ಜಾಲದ ತಂತಿ 100 ಮೀಟರ್‌ವರೆಗೆ ಎಳೆಯಬಹುದು. ಮೋಟಾರುಗಳಿಗೆ ಹೋಗುವ ವಿದ್ಯುತ್ ತಂತಿಯ ಕೊಳವೆಯಲ್ಲಿ ಇದನ್ನು ಸೇರಿಸಬೇಡಿ.

ಆವರಣದ ನಕ್ಷೆಯನ್ನು ಕೈಯಲ್ಲೇ ಬರೆದು, ಗೋದಾಮು ತುಂಬಿದಾಗ ಸರಕು ಎಲ್ಲಿಯವರೆಗೆ ಬರುತ್ತದೆಂಬುದನ್ನೂ ಗುರುತಿಸಿ. ಅಳತೆಯನ್ನು ಸರಕು ತುಂಬಿದ ದಿನವೇ ಮಾಡಿಸಿ. ಆಕ್ಸೆಸ್ ಪಾಯಿಂಟ್ ಇರಬೇಕಾದದ್ದು ಕೆಲಸ ನಡೆಯುವಲ್ಲಿ, ಸರಕಿನ ಮಟ್ಟಕ್ಕಿಂತ ಮೇಲೆ. ಮಾಲೀಕರ ಕೊಠಡಿಯ ಕಪಾಟಿನೊಳಗಲ್ಲ. ಎರಡಿದ್ದರೆ ಎರಡಕ್ಕೂ ತಂತಿಯಿರಲಿ, ಚಾನೆಲ್ ಬೇರೆಯಿರಲಿ. ಪ್ರಸಾರ ಶಕ್ತಿಯನ್ನು ಗರಿಷ್ಠಕ್ಕೆ ಏರಿಸುವುದು ಪರಿಹಾರವಲ್ಲ. ಆಕ್ಸೆಸ್ ಪಾಯಿಂಟಿನ ಕೂಗು ಮೊಬೈಲಿಗೆ ಕೇಳಿಸೀತು; ಮೊಬೈಲಿನ ಸಣ್ಣ ದನಿ ಅದಕ್ಕೆ ಕೇಳಿಸಬೇಕಲ್ಲ!

ಯುಪಿಎಸ್ ಸೌಲಭ್ಯವನ್ನು ಗಣಕಯಂತ್ರಕ್ಕೆ ಮಾತ್ರ ಕೊಟ್ಟು ರೌಟರ್, ಸ್ವಿಚ್ ಹಾಗೂ ಸೇವಾ ಸಂಸ್ಥೆಯ ಪೆಟ್ಟಿಗೆಯನ್ನು ಮರೆಯುವವರು ಬಹಳ. ಮೂರೂ ಅದರಡಿ ಬರಲಿ.

5. ಭದ್ರತೆ

2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟದ ವೇಳೆ ಬೆದರಿಕೆಯ ಇ-ಮೇಲ್ ರವಾನೆಯಾದದ್ದು ನವಿ ಮುಂಬಯಿಯ ಮನೆಯೊಂದರ ಭದ್ರತೆಯಿಲ್ಲದ ವೈ-ಫೈ ಮೂಲಕ. ಜಾಲದ ಒಡೆಯರ ಬಾಗಿಲಿಗೇ ಪೊಲೀಸರು ಬಂದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗಬಾರದು. ರೌಟರಿನೊಡನೆ ಬಂದ ಗುಪ್ತಪದವನ್ನು ಮೊದಲ ದಿನವೇ ಬದಲಿಸಿ. ಡಬ್ಲ್ಯುಪಿಎ-2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ-3 ಕ್ರಮವನ್ನೇ ಬಳಸಿ. ಗ್ರಾಹಕರಿಗೆ, ಲಾರಿ ಚಾಲಕರಿಗೆ ಪ್ರತ್ಯೇಕ ಅತಿಥಿ ಜಾಲ ಕೊಡಿ. ಲೆಕ್ಕಪತ್ರದ ಗಣಕಯಂತ್ರ ಅವರಿಗೆ ಕಾಣದಿರಲಿ. ನೌಕರರೊಬ್ಬರು ಬಿಟ್ಟು ಹೋದಾಗ ಗುಪ್ತಪದ ಬದಲಾಗಲಿ.

6. ಲೆಕ್ಕದಲ್ಲಿ ತೋರಿಸುವುದು

ರೌಟರ್ ಹಾಗೂ ಸ್ವಿಚ್ಚುಗಳು ಗಣಕಯಂತ್ರದೊಡನೆ ಬಳಕೆಯಾದಾಗ ಸವಕಳಿಯ ಉದ್ದೇಶಕ್ಕೆ ಗಣಕಯಂತ್ರದ ವರ್ಗಕ್ಕೇ ಸೇರುತ್ತವೆಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂಬಯಿ ವಿಶೇಷ ಪೀಠವು 2010ರಲ್ಲಿ ತೀರ್ಪಿತ್ತಿದೆ. ಆ ವರ್ಗದ ಸವಕಳಿ ದರವು 2017-18ರ ಆರ್ಥಿಕ ವರ್ಷದಿಂದ ಶೇ 60ರಿಂದ ಶೇ 40ಕ್ಕೆ ಇಳಿಯಿತು. ಖರೀದಿಯ ಮೇಲಿನ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆದರೆ, ಅದೇ ತೆರಿಗೆಯ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ಬಿಲ್ಲು ಸಂಸ್ಥೆಯ ಹೆಸರಿನಲ್ಲೇ, ಜಿಎಸ್‌ಟಿ ಸಂಖ್ಯೆ ಸಹಿತ ಇರಬೇಕು.

ಸಮಾರೋಪ

ಆ ಡಬ್ಬಿ ತಯಾರಿಕಾ ಘಟಕದಲ್ಲಿ ಕೊನೆಗೆ ಮಾಡಿದ್ದಿಷ್ಟೆ: ಗೋಡೆಯ ಅಂಚಿನಲ್ಲಿ ಸುಮಾರು 45 ಮೀಟರ್ ತಂತಿ ಎಳೆದು ಬಿಲ್ಲಿನ ಗಣಕಯಂತ್ರವನ್ನು ಅದಕ್ಕೆ ಸೇರಿಸಲಾಯಿತು; ರವಾನೆ ಮೇಜಿನ ಮೇಲ್ಭಾಗದಲ್ಲಿ ಒಂದು ಆಕ್ಸೆಸ್ ಪಾಯಿಂಟ್ ಕೂರಿಸಲಾಯಿತು; ರಿಪೀಟರ್‌ಗಳನ್ನು ತೆಗೆದುಹಾಕಲಾಯಿತು. ಒಟ್ಟು ವೆಚ್ಚವು ಅದಕ್ಕೆ ಮುನ್ನ ವ್ಯರ್ಥವಾಗಿದ್ದ ಹಣಕ್ಕಿಂತ ಕಡಿಮೆ. ಮುಂದಿನ ತಿಂಗಳ ಕೊನೆಯಲ್ಲಿ ಗೋದಾಮು ಚಾವಣಿಯವರೆಗೆ ತುಂಬಿದ್ದಾಗಲೂ ಬಿಲ್ಲು ನಿಲ್ಲಲಿಲ್ಲ. ಮಾಲೀಕರು ಗುಮಾಸ್ತರನ್ನು ಕರೆದು, ನನ್ನೆದುರಿನಲ್ಲೇ ತಮ್ಮ ಮಾತನ್ನು ಹಿಂತೆಗೆದುಕೊಂಡರು. ಆ ನೋಟ್‌ಪುಸ್ತಕ ಇಂದಿಗೂ ಅದೇ ಮೇಜಿನ ಮೇಲಿದೆ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೆ. ಜಾಲ ಕೈಕೊಟ್ಟಾಗ ಮೊದಲು ಹೊಸ ಪೆಟ್ಟಿಗೆಯನ್ನೂ ಕೊಳ್ಳಬೇಡಿ, ನೌಕರನನ್ನೂ ದೂರಬೇಡಿ. ಯಾವ ದಿನ, ಯಾವ ಹೊತ್ತು, ಯಾವ ಜಾಗ ಎಂಬುದನ್ನು ಬರೆದು ತಾಳೆ ನೋಡಿ. ಕಾರಣ ಬಹುಪಾಲು ತಮ್ಮ ಕಣ್ಣೆದುರಿನಲ್ಲೇ ಇರುತ್ತದೆ.