ಅನಿಶ್ಚಿತ ಸರ್ವನಾಮಗಳೂ ಕ್ರಿಯಾಪದದ ವಚನವೂ: ಒಂದು ವ್ಯತಿರೇಕಿ ಅಧ್ಯಯನ

ಇಂಗ್ಲಿಷಿನ ‘ಎವ್ರಿವನ್’, ‘ಸಮ್‌ವನ್’, ‘ನೋಬಡಿ’ ಮೊದಲಾದ ಅನಿಶ್ಚಿತ ಸರ್ವನಾಮಗಳು ಏಕವಚನದ ಕ್ರಿಯಾಪದವನ್ನೇ ಬಯಸುತ್ತವೆ. ಕನ್ನಡ ಮಾಧ್ಯಮದಲ್ಲಿ ಕಲಿತು ಪದವಿ ತರಗತಿಗೆ ಬರುವ ವಿದ್ಯಾರ್ಥಿಯು ‘ಎವ್ರಿವನ್ ಈಸ್’ ಎನ್ನಬೇಕಾದೆಡೆ ‘ಎವ್ರಿವನ್ ಆರ್’ ಎಂದು ಬರೆಯುವುದು ಬೋಧಕರಿಗೆ ಪರಿಚಿತವಾದ ಸಂಗತಿ. ಇದನ್ನು ಅಜಾಗರೂಕತೆಯೆಂದು ಕೆಂಪು ಗೆರೆ ಎಳೆದು ಬಿಡುವುದು ವಾಡಿಕೆ. ಈ ತಪ್ಪಿನ ಹಿಂದೆ ಕನ್ನಡದ ನಿಯಮವೊಂದು ಕೆಲಸಮಾಡುತ್ತಿದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸಿನ ಸೀಟಿನ ಮೇಲೆ ಒಂದು ಕೊಡೆ ಉಳಿದಿದೆ ಎಂದಿಟ್ಟುಕೊಳ್ಳೋಣ. ಆಗ ನಾವಾಡುವ ಮಾತು, ‘ಯಾರೋ ಕೊಡೆ ಮರೆತು ಹೋಗಿದ್ದಾರೆ’. ಮರೆತವರು ಒಬ್ಬರೇ, ಕ್ರಿಯಾಪದ ಮಾತ್ರ ಬಹುವಚನದಲ್ಲಿದೆ. ಏಕವಚನದ ರೂಪಗಳು ಕನ್ನಡದಲ್ಲಿ ಇಲ್ಲವೆಂದಲ್ಲ. ಹಳಗನ್ನಡದ ‘ಆವನ್’, ‘ಆವಳ್’ ರೂಪಗಳು ‘ಯಾವನು’, ‘ಯಾವಳು’ ಎಂದು ಇಂದಿಗೂ ಉಳಿದಿವೆ. ಆದರೆ ‘ಯಾವನೋ ಬಂದಿದ್ದ’ ಎಂದೊಡನೆ ತಾತ್ಸಾರದ ಧ್ವನಿ ಹೊಮ್ಮುತ್ತದೆ. ಆದ್ದರಿಂದ ಅಪರಿಚಿತ ವ್ಯಕ್ತಿಗೆ ಸಲ್ಲುವುದು ‘ಯಾರೋ’. ‘ಒಬ್ಬ’ ಎಂಬ ಸಂಖ್ಯಾವಾಚಕವನ್ನೇ ಒಳಗೊಂಡ ‘ಪ್ರತಿಯೊಬ್ಬರೂ’ ಸಹ ‘ಬಂದರು’ ಎಂಬುದರೊಡನೆ ಅನ್ವಯಿಸುತ್ತದೆ. ಇಲ್ಲಿಯ ‘-ರು’ ಪ್ರತ್ಯಯವು ಎಣಿಕೆಗಿಂತ ಮಿಗಿಲಾಗಿ ಗೌರವವನ್ನೂ ಲಿಂಗದ ಅನಿಶ್ಚಿತತೆಯನ್ನೂ ಸೂಚಿಸುತ್ತದೆ.

ನಿಷೇಧ ವಾಕ್ಯಗಳ ಸ್ಥಿತಿ ಬೇರೆ. ‘ಯಾರೂ ಬರಲಿಲ್ಲ’ ಎಂಬಲ್ಲಿ ‘ಇಲ್ಲ’ವು ಲಿಂಗ-ವಚನಗಳ ಗುರುತನ್ನೇ ಹೊರುವುದಿಲ್ಲ. ಹೀಗಾಗಿ ‘ನೋಬಡಿ’ಯ ಮುಂದೆ ‘ಹ್ಯಾಸ್’ ಬರಬೇಕೋ ‘ಹ್ಯಾವ್’ ಬರಬೇಕೋ ಎಂಬುದಕ್ಕೆ ಮಾತೃಭಾಷೆಯಿಂದ ಯಾವ ಸುಳಿವೂ ಸಿಗದು. ನಪುಂಸಕದಲ್ಲಿ ‘ಎಲ್ಲವೂ ಸರಿಯಾಗಿದೆ’ ಎಂಬ ಏಕವಚನ ಪ್ರಯೋಗ ರೂಢಿಯಲ್ಲಿರುವುದರಿಂದ ‘ಎವ್ರಿಥಿಂಗ್ ಈಸ್’ ಎಂಬುದು ಅಷ್ಟಾಗಿ ತೊಡಕೆನಿಸುವುದಿಲ್ಲ. ತೊಡಕಿರುವುದು ಮುಖ್ಯವಾಗಿ ಮನುಷ್ಯವಾಚಕಗಳಲ್ಲಿ.

ಇಂಗ್ಲಿಷಿಗೂ ಈ ಸಮಸ್ಯೆ ಇಲ್ಲದಿಲ್ಲ. ಮರೆತುಹೋದ ಕೊಡೆಯ ಬಗ್ಗೆ ಹೇಳುವಾಗ ಅದು ‘ಸಮ್‌ವನ್ ಹ್ಯಾಸ್’ ಎಂದು ಏಕವಚನದಲ್ಲಿ ಆರಂಭಿಸಿ, ಕೊಡೆಗೆ ‘ದೇರ್’ ಎಂಬ ಬಹುವಚನದ ಸರ್ವನಾಮವನ್ನು ಸೇರಿಸುತ್ತದೆ. ಈ ಬಳಕೆ 14ನೆಯ ಶತಮಾನದಷ್ಟು ಹಳೆಯದು. ಕನ್ನಡವು ಕ್ರಿಯಾಪದದಲ್ಲಿ ಕಂಡುಕೊಂಡ ಪರಿಹಾರವನ್ನು ಇಂಗ್ಲಿಷ್ ಸರ್ವನಾಮದಲ್ಲಿ ಕಂಡುಕೊಂಡಿದೆ.

ಈ ವ್ಯತ್ಯಾಸವನ್ನು ಗಮನಿಸದಿದ್ದರೆ ಹಾನಿ ಎರಡೂ ಕಡೆಗೆ. ವಿದ್ಯಾರ್ಥಿಯ ಮಟ್ಟಿಗೆ, ತನ್ನ ಭಾಷೆಯ ಸೌಜನ್ಯವೇ ಉತ್ತರಪತ್ರಿಕೆಯಲ್ಲಿ ದಡ್ಡತನವಾಗಿ ಎಣಿಕೆಯಾಗುತ್ತದೆ. ಅನುವಾದದ ಮಟ್ಟಿಗೆ, ಇಂಗ್ಲಿಷಿನ ಏಕವಚನವನ್ನು ಯಾಂತ್ರಿಕವಾಗಿ ಅನುಸರಿಸಿ ‘ಪ್ರತಿಯೊಬ್ಬನಿಗೂ ಹಕ್ಕಿದೆ’ ಎಂದು ಬರೆದಾಗ ಮೂಲದಲ್ಲಿಲ್ಲದ ಪುಲ್ಲಿಂಗ ನುಸುಳಿ, ಹೆಣ್ಣು ವಾಕ್ಯದಿಂದ ಹೊರಗುಳಿಯುತ್ತಾಳೆ. ‘ಪ್ರತಿಯೊಬ್ಬರಿಗೂ’ ಎಂಬ ರೂಪ ಆ ಕೊರತೆಯನ್ನು ನೀಗುತ್ತದೆ.

ಆದಕಾರಣ ಕನ್ನಡದ ‘-ರು’ ಎಲ್ಲೆಡೆ ಸಂಖ್ಯೆಯನ್ನು ಹೇಳುವುದಿಲ್ಲ, ಇಂಗ್ಲಿಷಿನ ಕ್ರಿಯಾಪದ ಗೌರವವನ್ನು ಹೇಳುವುದಿಲ್ಲ ಎಂಬುದನ್ನು ಮೊದಲು ತಿಳಿಸಿ, ಬಳಿಕ ಇಂಗ್ಲಿಷಿನ ನಿಯಮವನ್ನು ಬೋಧಿಸುವುದು ಉಚಿತ. ಈ ಕಾರ್ಯದಲ್ಲಿ ಇಂಗ್ಲಿಷ್ ಅಧ್ಯಾಪಕರಷ್ಟೇ ಹೊಣೆ ಕನ್ನಡ ಅಧ್ಯಾಪಕರಿಗೂ ಇದೆ.