ಪುರಾಣ ಪಾಠ: ಮಹೀ ತೀರದ ಬರ್ಬರೀಕ

ಸೂರತ್ತಿನಿಂದಲೋ ಬಡೋದೆಯಿಂದಲೋ ಅಹಮದಾಬಾದಿಗೆ ರೈಲಿನಲ್ಲಿ ಹೋಗುವವರು ವಾಸದ್ ನಿಲ್ದಾಣದ ಬಳಿ ಮಹೀ ನದಿಯ ಸೇತುವೆಯನ್ನು ದಾಟುತ್ತಾರೆ. ಈ ನದಿಯು ಖಂಭಾತದ ಹತ್ತಿರ ಕಡಲನ್ನು ಸೇರುತ್ತದೆ. ಸ್ಕಾಂದ ಪುರಾಣದ ಕೌಮಾರಿಕಾ ಖಂಡದಲ್ಲಿ ಹೊಗಳಿರುವ ಮಹೀಸಾಗರ ಸಂಗಮ ಇದೇ. ಅಲ್ಲಿಯ ಒಬ್ಬ ಕಾವಲುಗಾರನ ಕಥೆಯನ್ನು ಈ ಸಲ ನೋಡೋಣ.

ಅವನ ಹೆಸರು ಬರ್ಬರೀಕ. ಘಟೋತ್ಕಚನ ಮಗ, ಭೀಮಸೇನನ ಮೊಮ್ಮಗ. ವ್ಯಾಸಭಾರತದಲ್ಲಿ ಇವನ ಕಥೆಯಿಲ್ಲವಾದುದರಿಂದ ನಮ್ಮಲ್ಲಿ ಬಹು ಜನಕ್ಕೆ ಇವನ ಪರಿಚಯವಿಲ್ಲ. ಸಂಗಮದ ದೇವಿಯರನ್ನು ಆರಾಧಿಸಿ ಅಪಾರ ಬಲವನ್ನು ಪಡೆದು ಅವನು ಅಲ್ಲಿಯೇ ಇದ್ದನು.

ಜೂಜಿನಲ್ಲಿ ಸೋತ ಪಾಂಡವರು ತೀರ್ಥಗಳನ್ನು ಸುತ್ತುತ್ತಾ ಅಲ್ಲಿಗೆ ಬಂದರು. ಅಜ್ಜ ಮೊಮ್ಮಕ್ಕಳು ಒಬ್ಬರನ್ನೊಬ್ಬರು ಕಂಡವರಲ್ಲ. ಬಾಯಾರಿದ ಭೀಮನು ದೇವಿಯ ಕುಂಡಕ್ಕೆ ಇಳಿದನು. ನೀರನ್ನು ಹೊರಗೆ ತಂದು ಕಾಲು ತೊಳೆ ಎಂದು ಧರ್ಮರಾಯನು ಹೇಳಿದ್ದರೂ, ದಾಹದ ಭರದಲ್ಲಿ ಅದನ್ನು ಮರೆತು ಕುಂಡದೊಳಗೇ ಕೈಕಾಲು ತೊಳೆದನು. ಬರ್ಬರೀಕನು ಅದನ್ನು ಕಂಡು, ದೇವಿಯ ಅಭಿಷೇಕದ ನೀರನ್ನು ಕೆಡಿಸುವುದು ತಪ್ಪೆಂದು ಗದರಿದನು. ನೀರಿರುವುದೇ ಪ್ರಾಣಿಗಳ ಉಪಯೋಗಕ್ಕೆಂದು ಭೀಮನು ವಾದಿಸಿದನು. ಮಾತು ಬೆಳೆದು ಕೈಗೆ ಕೈ ಹತ್ತಿತು. ಭೀಮನು ಸೋತನು! ಹುಡುಗನು ಅವನನ್ನು ಎತ್ತಿ ಕಡಲಿಗೆ ಎಸೆಯಲಿದ್ದಾಗ ‘ಬಿಡು, ಇವನು ನಿನ್ನ ಅಜ್ಜ’ ಎಂದು ಶಿವನ ವಾಣಿ ಕೇಳಿಸಿತು.

ಬರ್ಬರೀಕನ ಎದೆ ಒಡೆಯಿತು. ಹಿರಿಯನ ಮೇಲೆ ಕೈಮಾಡಿದ ಪಾಪಿ ತಾನೆಂದು ಕಡಲಿಗೆ ಬೀಳಹೋದನು. ತಿಳಿಯದೆ ಮಾಡಿದ್ದು ಪಾಪವಲ್ಲವೆಂದು ದೇವಿಯರು ತಡೆದರು.

ಮುಂದೆ ಕುರುಕ್ಷೇತ್ರದಲ್ಲಿ, ಕ್ಷಣಮಾತ್ರದಲ್ಲಿ ಯುದ್ಧವನ್ನು ಮುಗಿಸುವೆನೆಂದ ಇವನ ತಲೆಯನ್ನು ಶ್ರೀಕೃಷ್ಣನು ಚಕ್ರದಿಂದ ಕತ್ತರಿಸಿದನು. ಆದರೆ ಆ ತಲೆಗೆ ಬೆಟ್ಟದ ಮೇಲಿಂದ ಯುದ್ಧವನ್ನು ನೋಡುವ ಭಾಗ್ಯ ದೊರೆಯಿತು. ಗೆಲುವು ತನ್ನದೆಂದು ಭೀಮನು ಹಿಗ್ಗಿದಾಗ, ಶತ್ರುಗಳೊಡನೆ ಹೋರಾಡಿದ ಒಬ್ಬನೇ ಪುರುಷನನ್ನು ಕಂಡೆನೆಂದು ಆ ತಲೆ ನುಡಿಯಿತು. ಭೀಮನ ಹೆಮ್ಮೆ ಎರಡನೆಯ ಸಲ ಮುರಿಯಿತು.

ರಾಜಸ್ಥಾನದ ಖಾಟೂವಿನಲ್ಲಿ ಇವನೇ ಶ್ಯಾಮನಾಗಿ ಪೂಜೆಗೊಳ್ಳುತ್ತಾನೆ. ಗುಜರಾತಿನಲ್ಲಿ ಇವನು ಬಳಿಯಾದೇವ, ಎಂದರೆ ಬಲಶಾಲಿಯಾದ ದೇವರು. ಅಹಮದಾಬಾದಿನ ದಕ್ಷಿಣಕ್ಕಿರುವ ಲಾಂಭಾದಲ್ಲಿ ಇವನ ಪ್ರಸಿದ್ಧ ಗುಡಿಯಿದೆ. ನಮ್ಮೂರಿನಲ್ಲಿ ಸಿಡುಬೆದ್ದರೆ ಮಾರಮ್ಮನಿಗೆ ಹರಕೆ ಹೊತ್ತಂತೆ ಇಲ್ಲಿಯವರು ಬಳಿಯಾದೇವನಿಗೂ ಶೀತಳಾಮಾತೆಗೂ ಹೊತ್ತರು. ಲಸಿಕೆಯ ಫಲವಾಗಿ 1975ರಲ್ಲಿ ಭಾರತದಿಂದ ಸಿಡುಬು ತೊಲಗಿತು. ಲೋಕದಿಂದಲೇ ಅಳಿಯಿತೆಂದು 1980ರಲ್ಲಿ ಘೋಷಿಸಲಾಯಿತು. ರೋಗ ಹೋಯಿತು, ಭಕ್ತಿ ಉಳಿಯಿತು. ಶ್ರಾವಣ ಬಹುಳ ಸಪ್ತಮಿಯಂದು, ಎಂದರೆ ಗೋಕುಲಾಷ್ಟಮಿಯ ಹಿಂದಿನ ದಿನ, ನೆರೆಮನೆಯಲ್ಲಿ ಒಲೆ ಹಚ್ಚದೆ ತಂಗಳುಣ್ಣುವುದು ಶೀತಳೆಯ ವ್ರತ. ಅದನ್ನು ಕಂಡು ನಗದೆ, ನಮ್ಮ ಅಮ್ಮನ ಹಬ್ಬವನ್ನು ನೆನೆಯೋಣ.

ಈ ಕಥೆಯಲ್ಲಿ ನಮ್ಮ ಬಾಳಿಗೆ ಬೇಕಾದ ಮಾತೊಂದಿದೆ. ಹತ್ತು ಮನೆಗೆ ಒಂದೇ ನಲ್ಲಿಯಿರುವ ಚಾಲಿಗಳಲ್ಲಿ ನೀರಿನ ಜಗಳ ಹೊಸದಲ್ಲ. ಹತ್ತು ಜನರ ನೀರನ್ನು ಕೆಡಿಸುವವನು ಹಿರಿಯನಾದರೂ ಹೇಳಲೇಬೇಕು. ಇದು ಬರ್ಬರೀಕನ ಸರಿ. ಎದುರಿನವನು ಯಾರೆಂದು ಕೇಳದೆ ಕೈಯೆತ್ತಿದ್ದು ಅವನ ತಪ್ಪು. ಪರಸ್ಥಳದಲ್ಲಿ ಇರುವ ನಾವು ಮೊದಲು ‘ತಾವು ಯಾರು, ಎಲ್ಲಿಯವರು?’ ಎಂದು ವಿಚಾರಿಸಿದರೆ ಎಷ್ಟೋ ಜಗಳಗಳು ನೆಂಟಸ್ತನವಾಗಿ ಮುಗಿದಾವು.

ಅಭ್ಯಾಸಕ್ಕೆ: (1) ಕುಂಡದ ಬಳಿಯ ವಾದದಲ್ಲಿ ಭೀಮನ ಮಾತಿನಲ್ಲಿಯೂ ನ್ಯಾಯವಿತ್ತೇ? (2) ನಿಮ್ಮ ಊರಿನ ಅಮ್ಮನ ಕಥೆಯನ್ನು ನೆರೆಯ ಗುಜರಾತಿ ಬಂಧುಗಳಿಗೆ ಹೇಳಿ, ಅವರದನ್ನು ಕೇಳಿ ಬನ್ನಿರಿ.